ಮನೆಯಾಕೆ–೪ರ ಹೇಳಿಕೆ

ನಮ್ಮ ಸಂಸ್ಥೆಯ ಸಂಶೋಧನ ಪತ್ರಿಕೆಯ ಕೊನೆಯ ಪುಟದಲ್ಲಿ ‘ಸಂಸ್ಥೆಯ ಸುದ್ದಿ’ ಎಂಬ ಅಂಕಣ ಬರುತ್ತದೆ. ಯಾರು ಉಪನ್ಯಾಸ ಕೊಟ್ಟರು, ಯಾವ ಕಮ್ಮಟ ನಡೆಯಿತು, ಗ್ರಂಥಾಲಯಕ್ಕೆ ಯಾರು ಹಳೆಯ ಪುಸ್ತಕಗಳನ್ನು ಕೊಟ್ಟು ತಮ್ಮ ಮನೆ ಖಾಲಿ ಮಾಡಿಕೊಂಡರು ಎಂಬಂಥ ವಿಷಯಗಳು. ಅದನ್ನು ಬರೆಯುವವನು ನಾನೇ, ಪ್ರೂಫ್ ನೋಡುವವನೂ ನಾನೇ. ಓದುವವನೂ ಬಹುಶಃ ನಾನೊಬ್ಬನೇ. ಕಳೆದ ಸಂಚಿಕೆಯಲ್ಲಿ ಅಲ್ಲೊಂದು ಸಾಲು ಇತ್ತು: ‘ತೆಂಗಿನ ಸೀಮೆಯ ಕುರಿಮಂದೆ ಕರಾರುಗಳನ್ನು ಕುರಿತ ಲೇಖನವೊಂದು ಪರಿಶೀಲನೆಯ ಎಲ್ಲ ಹಂತಗಳನ್ನೂ ದಾಟಿ ಪ್ರಕಟವಾಗಿದೆ.’ ಆ ಸಾಲು ಬರೆಯುವಾಗ ನನಗೆ ನಗು ತಡೆಯಲಾಗಲಿಲ್ಲ. ಆ ಹಂತಗಳು ಯಾವುವೆಂದು ಇಲ್ಲಿ ಹೇಳುತ್ತೇನೆ. ಸಂಬಂಧಪಟ್ಟವರು ‘ಹೆಸರು ಹಾಕಬೇಡಿ, ಬೇಕಾದ್ದು ಬರ್ಕೊಳ್ಳಿ’ ಎಂದಿದ್ದಾರೆ.

ಲೇಖನ ಬಂದದ್ದು ಕೊಬ್ಬರಿ ಹರಾಜಿನ ದಿನ. ನಮ್ಮದು ಚರಿತ್ರೆ, ಜಾನಪದ, ಭಾಷೆಗಳ ಅಧ್ಯಯನಕ್ಕೆಂದು ಇರುವ ಸಣ್ಣ ಸಂಸ್ಥೆ. ತಿಪಟೂರಿನ ಮಾರುಕಟ್ಟೆ ರಸ್ತೆಯಲ್ಲಿ, ಕೊಬ್ಬರಿ ಮಂಡಿಯೊಂದರ ಮಹಡಿ ಮೇಲೆ ಇದೆ. ಹರಾಜಿನ ದಿನ ಕೆಳಗೆ ಮೂಟೆ ಇಳಿಸುವ ಸದ್ದಿಗೆ ನಮ್ಮ ಮೇಜುಗಳು ನಡುಗುತ್ತವೆ. ಕಪಾಟಿನಲ್ಲಿರುವ ಹಳೆಯ ಸಂಚಿಕೆಗಳಿಗೆಲ್ಲ ಕೊಬ್ಬರಿಯ ವಾಸನೆ ಹತ್ತಿದೆ. ದೂರದ ವಿಶ್ವವಿದ್ಯಾಲಯದ ಗ್ರಂಥಪಾಲಕರೊಬ್ಬರು ‘ನಿಮ್ಮ ಪತ್ರಿಕೆ ಬಿಚ್ಚಿದ್ರೆ ಹಸಿವಾಗುತ್ತೆ ಸ್ವಾಮಿ’ ಎಂದು ಫೋನ್ ಮಾಡಿದ್ದರು. ನಮ್ಮ ಪತ್ರಿಕೆಗೆ ಬಂದ ಮೆಚ್ಚುಗೆಗಳಲ್ಲಿ ನನಗೆ ನೆನಪಿರುವುದು ಅದೊಂದೇ.

ಲೇಖನ ಕಳಿಸಿದವರು ತುರುವೇಕೆರೆಯ ಕಾಲೇಜಿನಲ್ಲಿ ಪಾಠ ಮಾಡುವ ಉಪನ್ಯಾಸಕಿ. ದಂಡಿನಶಿವರದವರು. ಚಿಕ್ಕನಾಯಕನಹಳ್ಳಿ, ಹುಳಿಯಾರು ಸುತ್ತಿನ ಹಟ್ಟಿಗಳ ಕುರಿಯವರು ರಾಗಿ ಕುಯ್ಲು ಮುಗಿದ ಮೇಲೆ ಮಂದೆ ಹೊಡೆದುಕೊಂಡು ನಮ್ಮ ತೆಂಗಿನ ತೋಟಗಳ ಕಡೆ ಬರುತ್ತಾರೆ. ತೋಟದವರು ರಾತ್ರಿ ಹೊತ್ತು ಮಂದೆಯನ್ನು ತಮ್ಮ ತೋಟದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಕುರಿಯ ಗೊಬ್ಬರ ಮರಗಳಿಗೆ ಸಿಗುತ್ತದೆ, ಕುರಿಯವರಿಗೆ ರಾಗಿ, ಸೌದೆ, ಕಾಯಿ ಸಿಗುತ್ತದೆ. ಇದಕ್ಕೆ ಕಾಗದ ಪತ್ರ ಯಾವುದೂ ಇಲ್ಲ, ಎಲ್ಲವೂ ಬಾಯಿಮಾತಿನ ಕರಾರು. ಆ ಕರಾರಿನ ಮೇಲೆಯೇ ಈಕೆಯ ಲೇಖನ.

ಆಕೆಯ ವಾದ ಇಷ್ಟು: ಜಗಲಿಯ ಮೇಲೆ ಗಂಡಸರು ಮಾತಾಡಿ ಮಾಡಿಕೊಳ್ಳುವ ಕರಾರು ನಿಜವಾದ ಕರಾರೇ ಅಲ್ಲ. ಅದು ಬರೀ ತೋರಿಕೆ. ಅಷ್ಟು ಹೊತ್ತಿಗೆ ಹಿತ್ತಿಲಿನಲ್ಲಿ ತೋಟದ ಮನೆಯಾಕೆಯೂ ಹಟ್ಟಿಯ ಹೆಂಗಸೂ ಎಲ್ಲವನ್ನೂ ತೀರ್ಮಾನ ಮಾಡಿ ಮುಗಿಸಿರುತ್ತಾರೆ. ಮಾತು ಕುದುರಿದರೆ ಹಟ್ಟಿಯ ಹೆಂಗಸು ಕೂರುತ್ತಾಳೆ. ಮನೆಯಾಕೆ ಅವಳ ಮಡಿಲಿಗೆ ಜುಟ್ಟಿರುವ ತೆಂಗಿನಕಾಯಿ ಹಾಕುತ್ತಾಳೆ. ಕೂತು ತೆಗೆದುಕೊಂಡರೆ ಕರಾರು ಆಯಿತು. ನಿಂತೇ ತೆಗೆದುಕೊಂಡರೆ ಅದು ಬರೀ ಮರ್ಯಾದೆಯ ಕಾಯಿ. ಇದಕ್ಕೆ ಆಧಾರವಾಗಿ ಹಲವು ಮನೆಗಳ ಹೆಂಗಸರ ಹೇಳಿಕೆಗಳಿದ್ದವು. ಯಾರ ಹೆಸರೂ ಇರಲಿಲ್ಲ. ಕೊಟ್ಟ ಮಾತಿನಂತೆ ಆಕೆ ಎಲ್ಲರನ್ನೂ ಮನೆಯಾಕೆ–೧, ಮನೆಯಾಕೆ–೨ ಎಂದು ಕರೆದಿದ್ದರು. ಹಳ್ಳಿಗಳೂ ಗ್ರಾಮ–ಅ, ಗ್ರಾಮ–ಆ ಆಗಿದ್ದವು.

ಹೇಳಿಕೆಗಳಲ್ಲಿ ರುಚಿಯಾಗಿದ್ದದ್ದು ಮನೆಯಾಕೆ–೪ರದು. ನಿಂಬೆ ಗಿಡದ ಪಕ್ಕದ ಒಗೆಯುವ ಕಲ್ಲಿನ ಮೇಲೆ ಹಟ್ಟಿಯ ಹೆಂಗಸನ್ನು ಕೂರಿಸಿ ಮಾತು ಮುಗಿಸುವುದನ್ನು ಕಣ್ಣಿಗೆ ಕಟ್ಟುವಂತೆ ಹೇಳಿ, ಆಕೆ ಹೀಗೆಂದಿದ್ದರು: “ಜಗಲಿ ಮ್ಯಾಲೆ ಅವ್ರು ಮಾತಾಡ್ಲಿ ಬುಡವ್ವ. ಅಷ್ಟೊತ್ಗೆ ನಮ್ದು ಮುಗ್ದಿರ್ತೈತೆ. ನಮ್ಮನೆಯವ್ರಿಗೆ ಇದೊಂದೂ ಗೊತ್ತಿಲ್ಲ, ಗೊತ್ತಾಗಾದೂ ಬ್ಯಾಡ.”

ಒಳ್ಳೆಯ ಲೇಖನ ಬಂದಾಗ ನನಗೆ ಕುರ್ಚಿಯಲ್ಲಿ ಕೂತಿರಲಾಗುವುದಿಲ್ಲ. ಎದ್ದು ಓಡಾಡುತ್ತೇನೆ. ಅವತ್ತು ಕೆಳಗಿನ ಮಂಡಿಯವರು ಮಹಡಿ ಮೇಲೇನು ಗಲಾಟೆ ಎಂದು ತಲೆಯೆತ್ತಿ ನೋಡುವಷ್ಟು ಓಡಾಡಿದೆ.

ಆಮೇಲೆ ತಲೆನೋವು ಶುರುವಾಯಿತು. ನಮ್ಮಲ್ಲಿ ಯಾವ ಲೇಖನವನ್ನೂ ಹಾಗೇ ಅಚ್ಚು ಹಾಕುವುದಿಲ್ಲ. ಆ ವಿಷಯ ಬಲ್ಲವರೊಬ್ಬರಿಗೆ ಪರಿಶೀಲನೆಗೆ ಕಳಿಸುತ್ತೇವೆ. ಬರೆದವರು ಯಾರೆಂದು ಓದುವವರಿಗೆ ಗೊತ್ತಾಗಬಾರದು, ಓದಿದವರು ಯಾರೆಂದು ಬರೆದವರಿಗೆ ಗೊತ್ತಾಗಬಾರದು. ದೊಡ್ಡ ಊರಿನ ಪತ್ರಿಕೆಗಳಿಗೆ ಇದು ಸಲೀಸು. ನಮ್ಮ ಸೀಮೆಯಲ್ಲಿ ಕುರಿಮಂದೆಯ ಬಗ್ಗೆ ಬರೆದವರು ಇಬ್ಬರೇ. ಒಬ್ಬರು ಈಕೆ. ಇನ್ನೊಬ್ಬರು ಈಕೆಗೆ ಸಂಶೋಧನೆ ಕಲಿಸಿದ ಮೇಷ್ಟ್ರು.

ಮೇಷ್ಟ್ರು ನಿವೃತ್ತರಾಗಿ ಬಿಳಿಗೆರೆಯ ತಮ್ಮ ತೋಟದ ಮನೆಯಲ್ಲಿದ್ದಾರೆ. ಜಗಲಿಯ ಕರಾರಿನ ಮೇಲೆ ಅವರು ಬರೆದದ್ದೇ ಇಲ್ಲಿಯವರೆಗೆ ಕೊನೆಯ ಮಾತು. ಕೆಲವು ವರ್ಷಗಳ ಹಿಂದೆ ನಮ್ಮದೇ ವಿಚಾರ ಸಂಕಿರಣದಲ್ಲಿ ಅವರು ಅದನ್ನು ಮಂಡಿಸಿದಾಗ ಈಕೆ ಎದ್ದು ನಿಂತು, ‘ಮೇಷ್ಟ್ರು ಹೇಳಿದ್ದು ಅರ್ಧ ಮಾತ್ರ’ ಎಂದುಬಿಟ್ಟರು. ಮೇಷ್ಟ್ರು ಮೈಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಕೆಳಗಿಳಿದು ಹೋದರು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಅಂದು ಆಕೆ ಹೇಳದೆ ಉಳಿಸಿದ್ದ ಇನ್ನರ್ಧವೇ ಈ ಲೇಖನ.

ಲೇಖನ ತಲುಪಿತೆಂದು ತಿಳಿಸಲು ನಾನು ಫೋನ್ ಮಾಡಿದಾಗ ಆಕೆ ಹೇಳಿದ್ದಿಷ್ಟೇ: “ಯಾರಿಗೆ ಕಳಿಸ್ತೀರಿ ಅಂತ ನಾನು ಕೇಳಬಾರದು, ಗೊತ್ತು ಸರ್. ಆದ್ರೆ ಕುರಿ ಗೊತ್ತಿರೋರಿಗೇ ಕಳ್ಸಿ.” ಆಕೆಗೆ ಬೇಕಾಗಿದ್ದದ್ದು ಅಚ್ಚಾಗುವುದಲ್ಲ, ಒಬ್ಬರೇ ಒಬ್ಬರು ‘ಸರಿ’ ಎನ್ನುವುದು ಎಂದು ನನಗೆ ಆಗಲೇ ತಿಳಿಯಿತು.

ನಮ್ಮ ನಿರ್ದೇಶಕರನ್ನು ಕೇಳಿದೆ. ಅವರು ನಿಯಮಕ್ಕೆ ನಿಂತವರು. “ವಿಷಯ ಬಲ್ಲವರಿಗೆ ಕಳಿಸಬೇಕು, ಹೆಸರು ಮುಚ್ಚಬೇಕು. ಎರಡನ್ನೂ ಮಾಡಿ. ಮಿಕ್ಕಿದ್ದು ನಮ್ಮ ಜವಾಬ್ದಾರಿ ಅಲ್ಲ ಕಣ್ರೀ” ಎಂದರು.

ಹೆಸರು ಮುಚ್ಚುವುದೆಂದರೆ ಮೇಲಿನ ಒಂದು ಸಾಲು ಅಳಿಸುವುದಲ್ಲ. ಅಡಿಟಿಪ್ಪಣಿಯಲ್ಲಿ ‘ನನ್ನ ಹಿಂದಿನ ಲೇಖನ ನೋಡಿ’ ಎಂದಿದ್ದರೆ ತೆಗೆಯಬೇಕು. ಫೋಟೋದಲ್ಲಿ ಲೇಖಕರ ನೆರಳು ಬಿದ್ದಿದ್ದರೆ ಕತ್ತರಿಸಬೇಕು. ಒಂದರಲ್ಲಿ ಬಿದ್ದಿತ್ತು, ಛತ್ರಿ ಸಮೇತ. ಕೊನೆಯ ಕೃತಜ್ಞತೆಯ ಪ್ಯಾರಾ ತೆಗೆಯಬೇಕು. ಅದರಲ್ಲಿ ಹೀಗಿತ್ತು: ‘ಮಂದೆಯ ಹಿಂದೆ ನಡೆಯುವುದನ್ನು ಕಲಿಸಿದ, ಈಗ ನನ್ನೊಡನೆ ಮಾತಾಡದ ನನ್ನ ಮೇಷ್ಟ್ರಿಗೆ ಈ ಲೇಖನ ಋಣಿ.’ ಆ ಪ್ಯಾರಾವನ್ನೂ ಕತ್ತರಿಸಿದೆ. ಅಚ್ಚಾಗುವಾಗ ಮತ್ತೆ ಸೇರಿಸಬೇಕೆಂದು ಬೇರೆ ಕಾಗದದ ಮೇಲೆ ಬರೆದು ಪಿನ್ ಹಾಕಿಟ್ಟೆ.

ಮೇಷ್ಟ್ರು ಪರದೆಯ ಮೇಲೆ ಓದುವವರಲ್ಲ. ಪ್ರಿಂಟ್ ತೆಗೆದು, ಕವರಿಗೆ ಹಾಕಿ, ಬಿಳಿಗೆರೆ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಹದಿನೈದು ದಿನಕ್ಕೆ ಅದೇ ಕಂಡಕ್ಟರ್ ವರದಿ ತಂದುಕೊಟ್ಟ. ಸಾಬೂನು ಹಾಕಿ ತೊಳೆದಂಥ ಅಕ್ಷರ. ಪ್ರತಿ ಟಿಪ್ಪಣಿಯೂ ‘ಇರಲಿ’ ಎಂದು ಶುರುವಾಗಿತ್ತು. ಮೇಷ್ಟ್ರ ಅಭ್ಯಾಸವೇ ಅದು. ತರಗತಿಯಲ್ಲೂ ಹಾಗೆ, ಮದುವೆ ಮನೆಯ ಪಂಕ್ತಿಯಲ್ಲೂ ಹಾಗೆ. ‘ಇರಲಿ’ ಎಂದರೆ ಇನ್ನು ಬೈಗುಳ ಬರುತ್ತದೆ ಎಂದರ್ಥ.

‘ಇರಲಿ. ಲೇಖಕರು ಯಾರೋ ನನಗೆ ತಿಳಿಯದು. ಇವರಿಗೆ ಬರೆಯಲು ಕಲಿಸಿದವರು ಮಾತ್ರ ಯಾರೋ ಒಳ್ಳೆಯ ಮೇಷ್ಟ್ರೇ ಇರಬೇಕು.’

‘ಇರಲಿ. ಗ್ರಾಮ–ಅ ಯಾವುದೆಂದು ತಿಳಿಯದಿರಲು ನಾನೇನು ಹೊರಸೀಮೆಯವನೇ? ಅಲ್ಲಿಯ ಕೆರೆ ಏರಿಯನ್ನು ವರ್ಣಿಸಿ, ಊರಿನ ಹೆಸರು ಮುಚ್ಚಿಟ್ಟರೆ ಏನು ಬಂತು?’

‘ಇರಲಿ. ಕರಾರು ಆಗುವುದು ಜಗಲಿಯಲ್ಲಿ. ಇದು ಬಹುಕಾಲದಿಂದ ಸಿದ್ಧವಾದ ಸಂಗತಿ. ಮನೆಯಾಕೆ–೪ರ ಹೇಳಿಕೆಯನ್ನು ಲೇಖಕರು ಅತಿಯಾಗಿ ನಂಬಿದ್ದಾರೆ. ಈಕೆ ಮಾತಿನ ಮಲ್ಲಿ. ಗಂಡನಿಗೆ ಗೊತ್ತಿಲ್ಲದೆ ಮನೆ ಆಳುತ್ತೇನೆಂಬ ಜಂಬ ಎದ್ದು ಕಾಣುತ್ತದೆ. ಇಂಥವರ ಮಾತನ್ನು ಸಂಶೋಧಕರು ದೂರ ಇಡುವುದು ಕ್ಷೇಮ.’

ಈ ಅಕ್ಷರವನ್ನು ಆಕೆಗೆ ಕಳಿಸುವಂತಿರಲಿಲ್ಲ. ನಮ್ಮ ಪತ್ರಿಕೆಯ ಡಿಟಿಪಿ ಮಾಡುವವನು ಕೋಟೆ ಬೀದಿಯ ಸಾಬರ ಹುಡುಗ ಎಂದು ಎಲ್ಲರೂ ಕರೆಯುವ, ಈಗ ಮೊಮ್ಮಕ್ಕಳಿರುವ ಮನುಷ್ಯ. ಅವನ ಮುಂದೆ ಕೂತು ವರದಿಯನ್ನು ಟೈಪ್ ಮಾಡಿಸಿದೆ.

“ಅರೆ ಸಾರ್, ಈ ‘ಇರಲಿ’ ಎಲ್ಲಾ ಹಾಕ್ಬೇಕಾ?” ಎಂದ.

“ಎಲ್ಲಾ ತೆಗೀರಿ. ಆ ಒಳ್ಳೇ ಮೇಷ್ಟ್ರು ಸಾಲೂ ತೆಗೀರಿ.”

“ತೆಗೆದ್ರೆ ಏನುಳೀತದೆ ಸಾರ್? ಬೈಗುಳ ಒಂದೇ ಉಳೀತದೆ.”

ಅವನ ಮಾತು ನಿಜವಾಗಿತ್ತು. ಬೈಗುಳವನ್ನೂ ಸ್ವಲ್ಪ ಮೆತ್ತಗೆ ಮಾಡಿ ಕಳಿಸಿದೆ. ಸಂಜೆಯೊಳಗೆ ಆಕೆಯ ಫೋನ್ ಬಂತು.

“ಸರ್, ಮೂರನೇ ಪುಟದ ಕೆಳಗೆ ಒಂದು ‘ಇರಲಿ’ ಉಳಿದಿದೆ.”

ನನ್ನ ಪ್ರತಿ ತೆಗೆದು ಮೂರನೇ ಪುಟ ತಿರುವಿದೆ. ಉಳಿದಿತ್ತು.

“ನಾನೇನೂ ಕೇಳ್ತಿಲ್ಲ ಸರ್, ನೀವೇನೂ ಹೇಳ್ಬೇಡಿ” ಎಂದು ಆಕೆಯೇ ನನ್ನನ್ನು ಕಾಪಾಡಿದರು. ಆಮೇಲೆ ಮನೆಯಾಕೆ–೪ರ ಮೇಲಿನ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿ, ನಕ್ಕರು. ಎಷ್ಟು ನಕ್ಕರೆಂದರೆ, ಬೇಸರದಲ್ಲಿ ತಲೆಗಿಲೆ ಕೆಟ್ಟಿತೇ ಎಂದು ನನಗೆ ಗಾಬರಿಯಾಯಿತು. ನಗು ನಿಂತ ಮೇಲೆ ದನಿ ಇಳಿಯಿತು. “ಅವರು, ಅಂದ್ರೆ ಆ ಪರಿಶೀಲಕರು, ಪೂರ್ತಿ ಓದಿದಾರಾ ಸರ್?”

“ಪ್ರತಿ ಅಡಿಟಿಪ್ಪಣೀನೂ ಓದಿದಾರೆ.”

“ಹಾಗಾದ್ರೆ ಸಾಕು” ಎಂದರು. ಸಾಕಾಗಿರಲಿಲ್ಲ. ಎರಡನೆಯ ಸುತ್ತಿಗೆ ಆಕೆ ಕೊಟ್ಟ ಉತ್ತರದಲ್ಲಿ ಹೀಗಿತ್ತು: ‘ಪರಿಶೀಲಕರು ಜಗಲಿ ದಾಟಿ ಒಳಗೆ ಹೋದಂತೆ ಕಾಣುವುದಿಲ್ಲ. ಮನೆಯಾಕೆ–೪ನ್ನು ತೆಗೆದರೆ ಈ ಲೇಖನವೇ ಇಲ್ಲ.’ ನಾನು ‘ಹೋದಂತೆ ಕಾಣುವುದಿಲ್ಲ’ ಎಂಬುದನ್ನು ‘ಹೋಗಲು ಅವಕಾಶವಾಗಿರಲಿಕ್ಕಿಲ್ಲ’ ಎಂದು ಮಾಡಿ ಬಸ್ಸಿಗೆ ಹಾಕಿದೆ. ಬಂದ ಮರುವರದಿಯಲ್ಲಿ ‘ಇರಲಿ’ಗಳು ಇನ್ನೂ ಹೆಚ್ಚಾಗಿದ್ದವು. ಇಬ್ಬರು ಜಗಳಗಂಟರ ನಡುವೆ ಸುದ್ದಿ ಸಾಗಿಸುವ ನೆರೆಮನೆಯವನಂತಾಗಿತ್ತು ನನ್ನ ಪಾಡು. ಅದೂ ಇಬ್ಬರಿಗೂ ಎಲ್ಲ ಗೊತ್ತಿದ್ದು, ಯಾರಿಗೂ ಏನೂ ಗೊತ್ತಿಲ್ಲವೆಂದು ಮೂವರೂ ನಟಿಸಬೇಕು.

ನಿರ್ದೇಶಕರು, ಅಭಿಪ್ರಾಯ ಭೇದವಿದ್ದರೆ ಮೂರನೆಯವರಿಗೆ ಕಳಿಸಬೇಕೆಂಬ ನಿಯಮ ತೋರಿಸಿದರು. ದೂರದ ನಗರದ ವಿದ್ವಾಂಸರೊಬ್ಬರಿಗೆ ಕಳಿಸಿದೆ. ಅವರು ಕುರಿಯನ್ನು ತಟ್ಟೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡವರಲ್ಲ ಎಂದು ವರದಿ ಓದಿದ ಮೇಲೆ ತಿಳಿಯಿತು. ‘ಸೈದ್ಧಾಂತಿಕ ಚೌಕಟ್ಟನ್ನು ಬಲಪಡಿಸಬೇಕು’ ಎಂದು ಎರಡು ಸಾಲು ಬರೆದು ಸಹಿ ಹಾಕಿದ್ದರು. ಜಗಲಿಯ ಮಾತೂ ಇಲ್ಲ, ಹಿತ್ತಿಲ ಮಾತೂ ಇಲ್ಲ.

ಅಷ್ಟರಲ್ಲಿ ಸಂಚಿಕೆ ಅಚ್ಚಿಗೆ ಹೋಗುವ ಸಮಯ ಬಂತು. “ವಿಷಯ ಬಲ್ಲ ಪರಿಶೀಲಕರು ಒಪ್ಪದಿದ್ರೆ ಹಾಕೋ ಹಾಗಿಲ್ಲ. ಈ ಸಲ ಬಿಟ್ಟುಬಿಡಿ” ಎಂದರು ನಿರ್ದೇಶಕರು. ಆಕೆಗೆ ಹೇಳಿದೆ. ಆಕೆ ಜಗಳವಾಡಲಿಲ್ಲ. “ಬಿಡಿ ಸರ್, ವಾಪಸ್ ತಗೋತೀನಿ. ಬೇರೆ ಕಡೆಗೂ ಕಳಿಸಲ್ಲ. ಬೇರೆಯವರು ಒಪ್ಪಿದ್ರೆ ನನಗೇನು ಬಂತು?” ಎಂದರು. ಜಗಳವಾಡಿದ್ದರೆ ಒಳ್ಳೆಯದಿತ್ತು. ಹತ್ತು ವರ್ಷ ಮಂದೆಗಳ ಹಿಂದೆ ಧೂಳು ಕುಡಿದು ನಡೆದವರು ಹೀಗೆ ಮೆತ್ತಗೆ ಕೈ ಚೆಲ್ಲುವುದನ್ನು ನನಗೆ ಸಹಿಸಲಾಗಲಿಲ್ಲ. ಎರಡು ದಿನ ಟೈಮ್ ಕೊಡಿ ಎಂದೆ, ಆ ಎರಡು ದಿನದಲ್ಲಿ ಏನು ಮಾಡಬೇಕೆಂದು ತಿಳಿಯದೆಯೇ.

ಮಾರನೆಯ ಬೆಳಿಗ್ಗೆ ಮೇಷ್ಟ್ರೇ ಫೋನ್ ಮಾಡಿದರು.

“ನೋಡ್ರೀ, ಆ ಲೇಖಕರು ಯಾರೋ ನಂಗೊತ್ತಿಲ್ಲ. ಆದ್ರೆ ಅವ್ರಿಗೆ ಸಾಕ್ಷಿ ಬೇಕಲ್ಲ? ನಾಳೆ ನಮ್ಮ ತೋಟಕ್ಕೇ ಮಂದೆ ಬರ್ತೈತೆ. ಕರಾರು ನಮ್ಮ ಜಗಲಿ ಮೇಲೇ ಆಗುತ್ತೆ. ನಿಮ್ಮ ರೆಕಾರ್ಡರ್ ತಗೊಂಡು ಬನ್ನಿ. ಮೊದಲನೇ ಮಾತಿಂದ ಕೊನೇ ಮಾತಿನ ತನಕ ರೆಕಾರ್ಡ್ ಮಾಡ್ಕೊಂಡು ಆ ಲೇಖಕರಿಗೆ ಕೇಳ್ಸಿ.”

ಹೋದೆ. ಬಿಳಿಗೆರೆಯ ದಾರಿಯಲ್ಲೇ ಮಂದೆ ಸಿಕ್ಕಿ ಬಸ್ಸು ಅದರ ಹಿಂದೆ ಆಮೆಯಂತೆ ನಡೆಯಿತು. ಕುರಿಗಳಿಗಿಂತ ಮೊದಲು ನನಗೆ ತಲುಪಲಾಗಲಿಲ್ಲ.

ಜಗಲಿಯ ಮೇಲೆ ಮೇಷ್ಟ್ರು ಒಗೆದ ಅಂಗಿ ತೊಟ್ಟು, ಪಾಠಕ್ಕೆ ಹೊರಟವರಂತೆ ಕೂತಿದ್ದರು. ಎದುರಿಗೆ ಹಟ್ಟಿಯ ಹಿರಿಯ, ಹೆಗಲ ಮೇಲೆ ಕಂಬಳಿ. ಪಕ್ಕದ ತೋಟದವರೊಬ್ಬರು ಸಾಕ್ಷಿಗೆಂದು ಬರಬೇಕಿತ್ತು, ಅವರಿಗಾಗಿ ಕಾಯುತ್ತಿದ್ದರು. ನಾನು ರೆಕಾರ್ಡರ್ ಹೊರತೆಗೆದರೆ ಕೆಂಪು ದೀಪ. ಚಾರ್ಜ್ ಇಲ್ಲ. ಇಡೀ ಸಂಶೋಧನ ಸಂಸ್ಥೆಯ ಮಾನ ಹೋಯಿತೆನ್ನುವಂತೆ ಮೇಷ್ಟ್ರು ನನ್ನನ್ನು ನೋಡಿದರು.

“ಪ್ಲಗ್ಗು ನಡುಮನೆ ಬಾಗಿಲ ಪಕ್ಕ ಐತೆ. ಹಾಕಿ, ಇವ್ರು ಬರೋ ಹೊತ್ಗೆ ಆಗುತ್ತೆ.”

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಾಗಿಲುಗಳು ಒಂದೇ ಸಾಲಿಗಿರುತ್ತವೆ. ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಈ ಕಡೆ ಜಗಲಿ, ಆ ಕಡೆ ಹಿತ್ತಿಲು. ಎರಡೂ ಕಾಣುತ್ತವೆ, ಎರಡೂ ಕೇಳುತ್ತವೆ. ರೆಕಾರ್ಡರನ್ನು ಚಾರ್ಜಿಗೆ ಹಾಕಿ ಸುಮ್ಮನೆ ಹಿತ್ತಿಲ ಕಡೆ ನೋಡಿದೆ. ನಿಂಬೆ ಗಿಡ. ಅದರ ಪಕ್ಕದಲ್ಲಿ ಒಗೆಯುವ ಕಲ್ಲು.

ಆ ಮನೆಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಜಗಲಿಯಲ್ಲೇ ಕೂತು, ಜಗಲಿಯಲ್ಲೇ ಕಾಫಿ ಕುಡಿದು, ಜಗಲಿಯಿಂದಲೇ ಎದ್ದು ಬಂದಿದ್ದೇನೆ. ಹಿತ್ತಿಲು ನೋಡಿದ್ದು ಅಂದೇ. ಕಲ್ಲಿನ ಪಕ್ಕ ಮೇಷ್ಟ್ರ ಮನೆಯಾಕೆ ನಿಂತಿದ್ದರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತೇವೆ. ಅವರ ಎದುರಿಗೆ ಹಟ್ಟಿಯ ಹೆಂಗಸು, ಕಂಕುಳಲ್ಲಿ ಕೂಸು.

“ಕೂಸಿಗೆ ಏನವ್ವ ಹಿಂಗ್ ಕೆಮ್ಮು?”

“ಬಯ್ಲಾಗೆ ಇಬ್ಬನಿ ಕಣಕ್ಕ. ಏನ್ ಮಾಡಾನ.”

“ಹಂಗಾರೆ ನೀನು ಕೂಸು ಪಂಪ್‌ಸೆಟ್ ಮನೇಲಿ ಮಲ್ಕಳಿ. ಬೀಗ ಕೊಡ್ತೀನಿ. ರಾಗಿ ಹಿಟ್ಟು ಇಲ್ಲೇ ಬಂದು ತಗಂಡೋಗು. ಮಟ್ಟೆ ಸೌದೆ ತ್ವಾಟದಾಗೇ ಬಿದ್ದೈತೆ.”

“ಅಮಾಸೆ ಗಂಟ ನಿಂತ್ಕತೀವಿ ಬು‌ಡಕ್ಕ.”

“ಅಮಾಸೆ ಕಳ್ದು ಇನ್ನೊಂದ್ ನಾಕ್ ದಿನ ನಿಂತ್ಕಳವ್ವ. ಬಾವಿ ಕಡೆ ಸಾಲು ಸೊರಗೋಗೈತೆ.”

“ಆಯ್ತಕ್ಕ. ಆದ್ರೆ ಕುಂಟು ಮರಿ ಒಂದೈತೆ, ಅದು ನಡಿಯಾಕಿಲ್ಲ.”

“ಇಲ್ಲೇ ಬುಟ್ಟೋಗು. ಬರೋ ವರ್ಷ ಕುರಿ ಮಾಡಿ ಕೊಡ್ತೀನಿ.”

ಇಬ್ಬರೂ ನಕ್ಕರು. ನಾನು ಮಾತ್ರ ಕುರ್ಚಿಯ ತುದಿಗೆ ಸರಿದೆ. ಲೇಖನವನ್ನು ಅಲ್ಪವಿರಾಮ ಸಮೇತ ತಿದ್ದಿದವನು ನಾನು. ಈ ದನಿ, ಈ ಕಲ್ಲು, ಈ ಗಿಡ ಎಲ್ಲವೂ ನನಗೆ ಬಾಯಿಪಾಠ. ಮನೆಯಾಕೆ–೪ ನನ್ನ ಎದುರಿಗೇ ನಿಂತಿದ್ದರು. ಮೇಷ್ಟ್ರೊಡನೆ ಮಾತು ಬಿಟ್ಟ ಶಿಷ್ಯೆ ಇಷ್ಟು ವರ್ಷ, ಮೇಷ್ಟ್ರು ತಿಪಟೂರಿಗೆ ಹೋದ ದಿನ ನೋಡಿಕೊಂಡು, ಹಿತ್ತಿಲ ಬಾಗಿಲಿನಿಂದ ಈ ಮನೆಗೆ ಬಂದು ಹೋಗುತ್ತಿದ್ದಿರಬೇಕು. ಫೋನಿನಲ್ಲಿ ಆಕೆ ಅಷ್ಟು ನಕ್ಕದ್ದೇಕೆಂದು ಈಗ ಅರ್ಥವಾಯಿತು. ನಾವೆಲ್ಲ ಸೇರಿ ಹೆಸರುಗಳನ್ನು ಎಷ್ಟು ಭದ್ರವಾಗಿ ಮುಚ್ಚಿದ್ದೆವೆಂದರೆ, ಮೇಷ್ಟ್ರು ಸ್ವಂತ ಹೆಂಡತಿಯನ್ನು ಮಾತಿನ ಮಲ್ಲಿ ಎಂದು ಬರೆದು ಬಸ್ಸಿಗೆ ಹಾಕಿದ್ದರು.

ಹೇಳಿದರೆ ಹೇಳಿಕೆ ಕೊಟ್ಟವರ ಗುಟ್ಟು ಬಿಟ್ಟುಕೊಟ್ಟಂತೆ. ಹೇಳದಿದ್ದರೆ ಲೇಖನ ಹೋಯಿತು. ಜೊತೆಗೆ ಹೆದರಿಕೆ: ‘ನಮ್ಮನೆಯವ್ರಿಗೆ ಗೊತ್ತಾಗಾದೂ ಬ್ಯಾಡ’ ಎಂದಿದ್ದರಲ್ಲ ಅಕ್ಕ? ಆದರೆ ಹಾಗೆ ಹೇಳಿದ್ದು ಬಾಗಿಲು ತೆರೆದಿಟ್ಟುಕೊಂಡು, ಹತ್ತು ಮಾರು ದೂರದಲ್ಲಿ ಗಂಡ ಕೂತಿರುವಾಗಲೇ ಗಟ್ಟಿಯಾಗಿ ಮಾತಾಡುವ ಹೆಂಗಸು. ಇದು ಗುಟ್ಟಾಗಿರಲಿಲ್ಲ. ಮೇಷ್ಟ್ರು ಈ ಕುರ್ಚಿಯಲ್ಲಿ ಯಾವತ್ತೂ ಕೂತಿರಲಿಲ್ಲ, ಅಷ್ಟೇ. ಹಾಗಂದುಕೊಂಡು ಧೈರ್ಯ ಮಾಡಿದೆ. ಯಾರ ಹೆಸರನ್ನೂ ಎತ್ತದೆ, ಕುರ್ಚಿಯೊಂದನ್ನೇ ಬಿಟ್ಟುಕೊಡಲು ತೀರ್ಮಾನಿಸಿದೆ.

“ಮೇಷ್ಟ್ರೇ, ಸ್ವಲ್ಪ ಬನ್ನಿ. ಈ ಕೆಂಪು ದೀಪ ಯಾಕೋ ಹೋಗ್ತಾ ಇಲ್ಲ.”

ಬಂದರು. ನಾನು ಎದ್ದು ಅವರನ್ನು ಕೂರಿಸಿದೆ. ರೆಕಾರ್ಡರನ್ನು ಕೈಗೆ ತೆಗೆದುಕೊಂಡು, ಕನ್ನಡಕ ಮೇಲೆತ್ತಿ ನೋಡಿದರು. ಆಗ ಹಿತ್ತಿಲಿನಲ್ಲಿ ಅಕ್ಕ, “ಕೂತ್ಕಳವ್ವ” ಎಂದರು. ಮೇಷ್ಟ್ರು ತಲೆ ಎತ್ತಿದರು. ಹಟ್ಟಿಯ ಹೆಂಗಸು ಕೂಸನ್ನು ಇಳಿಸಿ, ಒಗೆಯುವ ಕಲ್ಲಿನ ಮೇಲೆ ಮೂಡಲಿಗೆ ಮುಖಮಾಡಿ ಕೂತು ಸೆರಗು ಒಡ್ಡಿದಳು. ಅಕ್ಕ ಜುಟ್ಟಿದ್ದ ಕಾಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮಡಿಲಿಗೆ ಹಾಕಿದರು.

ಮೇಷ್ಟ್ರು ರೆಕಾರ್ಡರನ್ನು ತೊಡೆಯ ಮೇಲಿಟ್ಟರು. ಮೆಲ್ಲಗೆ, “ನಿಂಬೆ ಗಿಡ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನಾಲ್ಕು?” ಎಂದರು.

“ಅದನ್ನ ಹೇಳೋ ಹಾಗಿಲ್ಲ ಮೇಷ್ಟ್ರೇ. ನಿಯಮ.”

ಅವರ ಮುಖ ಕೆಂಪಾಯಿತು. ಸಿಟ್ಟು ಬಂತೆಂದು ನಾನು ಗೋಡೆಗೆ ಒರಗಿದೆ. ನೋಡಿದರೆ ಹೆಗಲು ಕುಣಿಯುತ್ತಿತ್ತು. ಪಂಚೆಯ ಅಂಚಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. “ಮಾತಿನ ಮಲ್ಲಿ ಅಂತ ಬರೆದ್‌ಬಿಟ್ಟೆನಲ್ರೀ! ಜಂಬ ಅಂತ ಬೇರೆ! ಅದು ಅವಳ ಕೈಗೆ ಸಿಕ್ರೆ ನಂಗೆ ಈ ಮನೇಲಿ ಊಟ ಐತಾ?”

“ಪರಿಶೀಲಕರ ಹೆಸರನ್ನೂ ಹೇಳೋ ಹಾಗಿಲ್ಲ” ಎಂದೆ.

“ನಿಮ್ಮ ನಿರ್ದೇಶಕರು ನೂರು ಕಾಲ ಬಾಳ್ಲಿ” ಎಂದು ಕಣ್ಣೊರೆಸಿಕೊಂಡು ಎದ್ದರು.

ಅಷ್ಟರಲ್ಲಿ ಹಟ್ಟಿಯ ಹೆಂಗಸು ಮನೆ ಸುತ್ತಿ ಬಂದು ಹಿರಿಯನ ಕಿವಿಯಲ್ಲಿ ಏನೋ ಹೇಳಿ ಹೋದಳು, ಪಕ್ಕದ ತೋಟದವರೂ ಬಂದರು. ಜಗಲಿಯಲ್ಲಿ ಮಾತು ಶುರುವಾಯಿತು. ರೆಕಾರ್ಡರ್ ಈಗ ಸರಿಯಾಗಿತ್ತು. ಹಟ್ಟಿಯ ಹಿರಿಯ ಗಡ್ಡ ಕೆರೆದುಕೊಂಡು, ಈಗಷ್ಟೇ ಹೊಳೆಯಿತೆನ್ನುವಂತೆ, “ಅಮಾಸೆ ಕಳ್ದು ಇನ್ನೊಂದ್ ನಾಕ್ ದಿನ ಇರಾನ ಅಂತ” ಎಂದ. ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. “ಆಗಲಿ ಕಣಪ್ಪ” ಎಂದರು.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಎಳೆ ಸಸಿ ಹಾಕಿರುವ ಕಡೆ ಮಂದೆ ಹಾಯಬಾರದು ಎಂದರು ಮೇಷ್ಟ್ರು. ಪಕ್ಕದ ತೋಟದವರು ತಮ್ಮ ಬೇಲಿ ಎಲ್ಲಿಂದ ಎಲ್ಲಿಗೆ ಎಂದು ಕೈ ತೋರಿಸಿ ಹೇಳಿದರು. ಹಿರಿಯ, ಬಿಸಿಲೇರುವ ಮೊದಲು ತೊಟ್ಟಿ ತುಂಬಿಸಿಕೊಡಬೇಕು, ಕರೆಂಟ್ ಇಲ್ಲದ ದಿನ ಪಕ್ಕದ ತೋಟದ ಬಾವಿಗೆ ಬಿಡಬೇಕು ಎಂದ. ಪಕ್ಕದವರು ಒಪ್ಪಿದರು. ಇದಾವುದೂ ಹಿತ್ತಿಲಿನಲ್ಲಿ ಬಂದಿರಲಿಲ್ಲ. ಬರುವಂತೆಯೂ ಇರಲಿಲ್ಲ, ಬೇಲಿಯ ಆಚೆಯವರ ಒಪ್ಪಿಗೆ ಬೇಕಾದ ಮಾತುಗಳು ಅವು. ಜಗಲಿ ಬರೀ ತೋರಿಕೆ ಎಂದು ಬರೆದ ಆಕೆಯೂ ಒಂದು ಬಾಗಿಲಿನಿಂದಷ್ಟೇ ನೋಡಿದ್ದರು. ಇದನ್ನು ಗುರುತಿಸಿಕೊಂಡಾಗ ನನಗೆ ಆದ ಖುಷಿ ಇಷ್ಟಿಷ್ಟಲ್ಲ. ಲೇಖನ ಈಗ ಇನ್ನೂ ಒಳ್ಳೆಯದಾಗುತ್ತದೆ ಎಂದು ಕೂತಲ್ಲೇ ಕಾಲು ಕುಣಿಯತೊಡಗಿತು.

ಅಕ್ಕ ಕಾಫಿ ತಂದರು. “ಎಲ್ಲಾ ಮಾತು ಆಯ್ತಾ?” ಎಂದು ದಿನದಂತೆ ಕೇಳಿದರು.

“ಆಯ್ತು ಕಣೇ” ಎಂದರು ಮೇಷ್ಟ್ರು. “ನಿಂದು?”

ಅಕ್ಕ ಲೋಟ ಹಿಡಿದಂತೆಯೇ ನಿಂತರು. ಮೇಷ್ಟ್ರನ್ನು ನೋಡಿದರು, ನನ್ನನ್ನು ನೋಡಿದರು, ನಡುಮನೆಯ ಖಾಲಿ ಕುರ್ಚಿಯನ್ನೂ ನೋಡಿದರು. “ನಂದು ಯಾವಾಗ್ಲೋ ಆಯ್ತು” ಎಂದು ಲೋಟ ಕೊಟ್ಟು ಒಳಗೆ ಹೋದರು. ಹೋಗುವಾಗ ಮುಖದಲ್ಲಿ ನಗು ಇದ್ದದ್ದನ್ನು ನಾನು ನೋಡಿದೆ.

ನಾನು ಹೊರಟಾಗ ಚೀಲದಲ್ಲಿ ನಾಲ್ಕು ಕಾಯಿ ಹಾಕಿಕೊಡುತ್ತ, “ಆ ಹುಡುಗಿ ಬರೆದಿದ್ದು ಏನಾಯ್ತಪ್ಪ?” ಎಂದು ಕೇಳಿದರು.

“ಅದೆಲ್ಲ ಹೇಳೋ ಹಾಗಿಲ್ಲ ಅಕ್ಕ.”

“ಅಯ್ಯೋ, ಯಾರಿಗೂ ಏನೂ ಗೊತ್ತಾಗ್ಬಾರ್ದು ಅಂತ ಎಷ್ಟು ಕಷ್ಟ ಪಡ್ತೀರಪ್ಪ ನೀವು!” ಎಂದು ಕನಿಕರಪಟ್ಟರು.

ಮಾರನೆಯ ದಿನ ಮೊದಲ ಬಸ್ಸಿಗೇ ವರದಿ ಬಂತು. ಜಗಲಿ, ಹಿತ್ತಿಲು ಎರಡನ್ನೂ ಎದುರುಬದುರು ಇಟ್ಟು, ಬೇಲಿ, ನೀರು, ಸಾಕ್ಷಿಯ ಮಾತುಗಳನ್ನು ಸೇರಿಸಬೇಕೆಂದು ವಿವರವಾಗಿ ಬರೆದಿದ್ದರು. ಮನೆಯಾಕೆ–೪ರ ಬಗ್ಗೆ ಹಿಂದೆ ಬರೆದದ್ದನ್ನು ವಾಪಸು ತೆಗೆದುಕೊಂಡು, ‘ಆಕೆ ನಂಬಲು ಅತ್ಯಂತ ಯೋಗ್ಯಳು’ ಎಂದಿದ್ದರು. ಕೊನೆಯ ಸಾಲು ಇದು: ‘ಇರಲಿ. ಅಚ್ಚಿಗೆ ಕೊಡಿ. ಲೇಖಕರು ಯಾರೋ ನನಗೆ ತಿಳಿಯದು. ಯಾರೇ ಆಗಿರಲಿ, ಇನ್ನು ಮೇಲೆ ಆ ಹಿತ್ತಿಲಿಗೆ ಹೋಗುವಾಗ ಜಗಲಿಯ ಮೇಲೆ ಹಾದುಹೋಗಲಿ.’

ಡಿಟಿಪಿಯವನು ಕೀಬೋರ್ಡಿನ ಮೇಲೆ ಕೈಯಿಟ್ಟು, “ಯಾವ್ಯಾವ್ದು ತೆಗೀಲಿ ಸಾರ್?” ಎಂದ.

“ಏನೂ ತೆಗೀಬೇಡಿ. ಟೈಪೂ ಮಾಡ್ಬೇಡಿ. ಈ ಕಾಗದಾನೇ ಸ್ಕ್ಯಾನ್ ಮಾಡಿ ಕಳ್ಸಿ.”

ನಿರ್ದೇಶಕರು ಕೇಳಿದರೆ ಟೈಪ್ ಮಾಡಲು ಹೊತ್ತಿರಲಿಲ್ಲ ಎಂದು ಹೇಳುವವನಿದ್ದೆ. ಅವರು ಕೇಳಲಿಲ್ಲ. ಆಕೆಯಿಂದ ಅವತ್ತು ಫೋನ್ ಬರಲಿಲ್ಲ. ಮೂರನೆಯ ದಿನ ತಿದ್ದಿದ ಲೇಖನ ಬಂತು, ಜಗಲಿಯ ಮಾತಿಗೆಂದೇ ಹೊಸದೊಂದು ಭಾಗ ಸೇರಿತ್ತು. ಪುಟ ಕಟ್ಟಿಸಿದೆ. ಪಿನ್ ಹಾಕಿಟ್ಟಿದ್ದ ಕೃತಜ್ಞತೆಯ ಪ್ಯಾರಾವನ್ನು ಕೊನೆಗೆ ಸೇರಿಸಿ, ಪ್ರೂಫ್ ಕಳಿಸಿದೆ.

ಸಂಜೆ ಫೋನ್ ಬಂತು. “ಸರ್, ಪ್ರೂಫ್ ಎಲ್ಲ ಸರಿ ಇದೆ. ಕೃತಜ್ಞತೆಯಲ್ಲಿ ಮಾತ್ರ ಮೂರು ಪದ ತೆಗೀಬೇಕು.”

ಅವು ಯಾವುವೆಂದು ನಾನು ಕೇಳಲಿಲ್ಲ. ಆಕೆಯ ಹಿಂದೆ ಎಲ್ಲೋ ಕುರಿಗಳ ದನಿ ಕೇಳುತ್ತಿತ್ತು. ಅಕ್ಕನ ಮಾತು ಕೇಳುತ್ತಿತ್ತು. ಹತ್ತಿರದಲ್ಲೇ ಇನ್ನೊಂದು ದನಿ, “ಇರಲಿ, ಆ ಫೋನ್ ಇಟ್ಟು ಮೊದ್ಲು ಕಾಫಿ ಕುಡಿಯಮ್ಮ, ಆರೋಗುತ್ತೆ” ಎಂದಿತು.

ನಾನು ಪೆನ್ನು ತೆಗೆದು ‘ಈಗ ನನ್ನೊಡನೆ ಮಾತಾಡದ’ ಎಂಬುದರ ಮೇಲೆ ಗೆರೆ ಎಳೆದು, ಪುಟವನ್ನು ಅಚ್ಚಿಗೆ ಕಳಿಸಿದೆ.